ಪಂಚಾಯ್ತಿ ಕಟ್ಟೆ: ಫ್ರಾನ್ಸಿನ ಹಳ್ಳಿಯಲ್ಲೂ ಹೀಗೇನಾ ಅಕ್ಕಾ?

ಪ್ರಶ್ನೆ: ಅಕ್ಕಾ, ನನ್ನ ಮಗಳು, ಅಳಿಯ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿದ್ದಾರೆ. ಊರಲ್ಲಿ 480 ಜನ. ಅಲ್ಲಿನ ಮೇಯರ್ ತನ್ನ ಬಾವಮೈದನ ಹೊಲವನ್ನು ಮನೆ ಕಟ್ಟುವ ಜಾಗ ಅಂತ ಮಾಡಿಸಿಕೊಟ್ಟರಂತೆ. ಹೋದ ಅವಧಿಯಲ್ಲಿ 11 ಸದಸ್ಯರಲ್ಲಿ ನಾಲ್ವರು ರಾಜೀನಾಮೆ ಕೊಟ್ಟರಂತೆ. ಈಗಲೂ ಬೇಕರಿ ಮುಂದೆ ನಿಂತರೆ ಎರಡು ಪಾರ್ಟಿಯಂತೆ. ಅಷ್ಟು ಸಣ್ಣ ಊರಿಗೆ ಮೇಯರ್ ಯಾಕೆ? ಮೇಯರನ್ನು ಇಳಿಸೋದು ಬಿಟ್ಟು ಸದಸ್ಯರೇ ಯಾಕೆ ಹೊರಗೆ ಬಂದರು?
– ಗೌರಿಬಿದನೂರು ತಾಲ್ಲೂಕಿನ ಒಬ್ಬ ತಾಯಿ

ಉತ್ತರ: ಅಮ್ಮಾ, ನಿಮ್ಮ ಪತ್ರ ಬಂದ ಮೇಲೆ ನನ್ನ ತಂಗಿಯ ಮಗನನ್ನು ಚಿಂತಾಮಣಿಯ ಮನೆಗೆ ಕರೆಸಿಕೊಂಡೆ. ಅವನಿಗೆ ಫ್ರೆಂಚ್ ಬರುತ್ತದೆ. ಎರಡು ಸಂಜೆ ಕೂತು ಅಲ್ಲಿನ ಕಾಯಿದೆ ಓದಿಸಿ ಕೇಳಿದೆ. ಕೇಳುತ್ತಾ ಕೇಳುತ್ತಾ ನಮ್ಮೂರ ಪಂಚಾಯ್ತಿ ಆಫೀಸಿನ ಜಗಲಿಯೇ ಕಣ್ಮುಂದೆ ಬಂತು.

ಫ್ರಾನ್ಸಿನಲ್ಲಿ ಪ್ಯಾರಿಸ್ ಆಗಲಿ, ಎಂಬತ್ತು ಜನರ ಕುಗ್ರಾಮ ಆಗಲಿ, ಎಲ್ಲಕ್ಕೂ 'ಕಮ್ಯೂನ್' ಅಂತಲೇ ಹೆಸರು. ಎಲ್ಲಕ್ಕೂ ಒಬ್ಬ ಮೇಯರ್, ಒಂದು ಕೌನ್ಸಿಲ್. 1789ರ ಕ್ರಾಂತಿಯ ವರ್ಷದಿಂದ ನಡೆದು ಬಂದದ್ದು. ಇಂಥವು ಸುಮಾರು 35 ಸಾವಿರ ಇವೆ. ಅರ್ಧಕ್ಕಿಂತ ಜಾಸ್ತಿ ಊರುಗಳಲ್ಲಿ 500 ಜನರೂ ಇಲ್ಲ. ಹೆಚ್ಚುಕಡಿಮೆ ಅಷ್ಟೇ ಜನಸಂಖ್ಯೆ ಇರುವ ನಮ್ಮ ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗಳು 6 ಸಾವಿರದ ಹತ್ತಿರ. ನಮ್ಮಲ್ಲಿ 400 ಜನಕ್ಕೆ ಒಬ್ಬ ಸದಸ್ಯರ ಲೆಕ್ಕ. ನಿಮ್ಮ ಮಗಳ ಊರು ಇಲ್ಲಿದ್ದಿದ್ದರೆ ಒಬ್ಬರೋ ಇಬ್ಬರೋ ಸದಸ್ಯರು ಇರುತ್ತಿದ್ದರು. ಅಲ್ಲಿ 11 ಜನ. ಯಾರ ಹೊಲ ಎಲ್ಲಿದೆ, ಯಾರು ಯಾರಿಗೆ ಏನಾಗಬೇಕು ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೇ ಇಂಥ ವಿಷಯ ಮುಚ್ಚಿಡೋದು ಕಷ್ಟ, ಹಾಗೇ ಎದ್ದು ಹೇಳೋದೂ ಕಷ್ಟ. ನಾಳೆ ಬೆಳಿಗ್ಗೆ ಅದೇ ಬೇಕರಿಯಲ್ಲಿ ಮುಖ ನೋಡಬೇಕಲ್ವಾ?

ಈಗ ರಾಜೀನಾಮೆ ವಿಷಯ. ನಮ್ಮಲ್ಲಿ ಅಧ್ಯಕ್ಷರ ಮೇಲೆ ಅವಿಶ್ವಾಸ ತರಬಹುದು, ಮೂರರಲ್ಲಿ ಎರಡು ಭಾಗ ಸದಸ್ಯರು ಒಪ್ಪಿದರೆ ಅವರು ಇಳಿಯಬೇಕು. ಫ್ರಾನ್ಸಿನಲ್ಲಿ ಆ ದಾರಿಯೇ ಇಲ್ಲ. ಮೇಯರನ್ನು ಆರಿಸುವುದು ಕೌನ್ಸಿಲ್, ಆದರೆ ಆರಿಸಿದ ಮೇಲೆ ಇಳಿಸುವ ಅಧಿಕಾರ ಅದಕ್ಕಿಲ್ಲ. ಅವಧಿ ಆರು ವರ್ಷ. ಮೇಯರ್ ತಾನಾಗಿ ಹೋಗಬೇಕು, ಕೋರ್ಟು ಅನರ್ಹ ಮಾಡಬೇಕು, ಇಲ್ಲವೇ ದೇಶದ ಮಂತ್ರಿಮಂಡಲದಲ್ಲೇ ತೀರ್ಮಾನವಾಗಿ ವಜಾ ಆಗಬೇಕು. ಹಾಗಾಗಿ ಸದಸ್ಯರ ಕೈಲಿ ಉಳಿಯುವುದು ಒಂದೇ ಒತ್ತಡ: ಕುರ್ಚಿ ಖಾಲಿ ಮಾಡುವುದು. ಮೂರನೇ ಒಂದು ಭಾಗ ಜಾಗ ಖಾಲಿಯಾದರೆ ಮೂರು ತಿಂಗಳೊಳಗೆ ಚುನಾವಣೆ ನಡೆಸಬೇಕು. ಹನ್ನೊಂದರಲ್ಲಿ ನಾಲ್ಕು ಅಂದರೆ ಆ ಗೆರೆ ದಾಟಿತು. ಆ ನಾಲ್ವರು ಓಡಿಹೋದವರಲ್ಲ ಅಮ್ಮಾ. ಲೆಕ್ಕ ಹಾಕಿಯೇ ಹೊರಗೆ ಬಂದಿರಬೇಕು.

ಬಾವಮೈದನ ಹೊಲದ ವಿಷಯಕ್ಕೆ ಅಲ್ಲಿನ ಕಾನೂನು ಬಹಳ ಗಟ್ಟಿ. ತನಗೋ ತನ್ನವರಿಗೋ ಲಾಭವಿರುವ ಕೆಲಸದಲ್ಲಿ ಅಧಿಕಾರದಲ್ಲಿದ್ದವರು ಕೈಯಾಡಿಸುವುದೇ ಅಪರಾಧ. ಐದು ವರ್ಷದವರೆಗೆ ಜೈಲು, 5 ಲಕ್ಷ ಯೂರೋವರೆಗೆ ದಂಡ. ಲಂಚ ತೆಗೆದುಕೊಂಡಿದ್ದನ್ನು ತೋರಿಸಬೇಕಾಗಿಲ್ಲ. ಅಂಥ ಚರ್ಚೆ ಬಂದಾಗ ಮೇಯರ್ ಎದ್ದು ಆಚೆ ಹೋಗಬೇಕು, ಕೈ ಎತ್ತಬಾರದು. ಒಂದು ಮಾತು ನನಗೆ ತುಂಬ ಹಿಡಿಸಿತು. ಸಣ್ಣ ಊರಲ್ಲಿ ನಲ್ಲಿ ರಿಪೇರಿಯವನೂ ಗಾರೆ ಕೆಲಸದವನೂ ಸದಸ್ಯರೇ ಆಗಿರಬಹುದು, ಅವರನ್ನು ಬಿಟ್ಟರೆ ಕೆಲಸಕ್ಕೆ ಬೇರೆ ಜನ ಸಿಗದೇ ಇರಬಹುದು. ಅದಕ್ಕೆ 3,500ಕ್ಕಿಂತ ಜಾಸ್ತಿ ಜನ ಇಲ್ಲದ ಊರುಗಳಲ್ಲಿ ವರ್ಷಕ್ಕೆ 16 ಸಾವಿರ ಯೂರೋವರೆಗಿನ ಕೆಲಸವನ್ನು ಸದಸ್ಯರೂ ಮಾಡಿಕೊಡಬಹುದು. ಆದರೆ ಆ ವಿಷಯದ ಚರ್ಚೆಗೆ ಅವರು ಕೂರುವಂತಿಲ್ಲ. ಕಷ್ಟ ಅರ್ಥ ಮಾಡಿಕೊಂಡು ಬರೆದ ಕಾನೂನು ಇದು.

ಊರಿನವರೂ ಕೈಕಟ್ಟಿ ಕೂರಬೇಕಾಗಿಲ್ಲ. ಕೌನ್ಸಿಲ್ ಸಭೆ ಬಾಗಿಲು ತೆರೆದೇ ನಡೆಯಬೇಕು. ನಡಾವಳಿ, ಬಜೆಟ್ಟು, ಲೆಕ್ಕದ ನಕಲು ಯಾರು ಬೇಕಾದರೂ ಕೇಳಬಹುದು. ಕೊಡದಿದ್ದರೆ ದೂರು ಕೇಳಲು ಒಂದು ಆಯೋಗವಿದೆ, 1978ರ ಕಾಯಿದೆಯಿಂದ ಬಂದದ್ದು. ನಿರ್ಣಯ ತಪ್ಪು ಅನ್ನಿಸಿದರೆ ಎರಡು ತಿಂಗಳೊಳಗೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. ಸರ್ಕಾರದ ಕಡೆಯಿಂದ 'ಪ್ರಿಫೆ' ಅನ್ನುವ ಅಧಿಕಾರಿ ಇರುತ್ತಾರೆ, ನಮ್ಮ ಜಿಲ್ಲಾಧಿಕಾರಿ ಇದ್ದ ಹಾಗೆ. ಅವರೂ ಕೋರ್ಟಿಗೆ ಕಳಿಸಬಹುದು. ನಿಮ್ಮ ಮಗಳಿಗೆ ಇದನ್ನು ಹೇಳಿ. ಬೇಕರಿ ಮುಂದಿನ ಮಾತಿಗಿಂತ ಆ ಸಭೆಯ ನಡಾವಳಿಯ ನಕಲು ತೆಗೆದುಕೊಳ್ಳಲಿ. ಮೇಯರ್ ಆ ದಿನ ಕೋಣೆಯಲ್ಲಿದ್ದರಾ, ಹೊರಗೆ ಹೋದರಾ ಅನ್ನುವುದು ಅದರಲ್ಲಿರುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಮೊದಲ ಸಲ ಸದಸ್ಯೆಯಾದದ್ದು 2010ರಲ್ಲಿ. ಬೆಳಿಗ್ಗೆ ಆರು ಗಂಟೆಗೆ ಜವಾನ ನಡಾವಳಿ ಪುಸ್ತಕ ಹಿಡಿದು ಮನೆಗೇ ಬರುತ್ತಿದ್ದ. ನಾನು ಹಾಲು ಕರೆಯುತ್ತಿದ್ದೆ. "ಎಲ್ಲರೂ ಹಾಕಿದ್ದಾರೆ ಅಕ್ಕಾ" ಅನ್ನುತ್ತಿದ್ದ. ಸೆರಗಲ್ಲಿ ಕೈ ಒರೆಸಿಕೊಂಡು ಸಹಿ ಹಾಕಿ ಕಳಿಸುತ್ತಿದ್ದೆ. 2012ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಮೋಟಾರ್ ಸುಟ್ಟು ನಲವತ್ತು ದಿನ ನೀರಿರಲಿಲ್ಲ. ಹೆಂಗಸರು ಬಿಂದಿಗೆ ಹಿಡಿದು ನನ್ನ ಮನೆ ಮುಂದೆ ಕೂತರು. ಆಫೀಸಿಗೆ ಹೋಗಿ ಕೇಳಿದೆ. ಪುಸ್ತಕದಲ್ಲಿ ಅದೇ ಮೋಟಾರನ್ನು ಎರಡು ಸಲ ಎತ್ತಿ ರಿವೈಂಡಿಂಗ್ ಮಾಡಿಸಿದ ಬಿಲ್ ಮಂಜೂರಾಗಿತ್ತು. ಕೆಳಗೆ ನನ್ನ ಸಹಿ. ಆ ದಿನ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮುಂದಿನ ಸಭೆಯಿಂದ ಪ್ರತಿಯೊಂದು ಠರಾವನ್ನೂ ಗಟ್ಟಿಯಾಗಿ ಓದಿಸಿಯೇ ಸಹಿ ಹಾಕಿದೆ. ಒಂದು ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಿ ಸಂಜೆ ನಾಲ್ಕಕ್ಕೆ ಮುಗಿಯಿತು. ಹಿರಿಯ ಸದಸ್ಯರು ಬೈದರು. ಒಂದು ಬಿಲ್ಲಿನ ಹಣ ವಾಪಸ್ ಕಟ್ಟಿಸಿದೆವು. ಇನ್ನೊಂದು ಹೋಯಿತು.

ಪ್ರಶ್ನೆ: ಅಧ್ಯಕ್ಷರ ಚುನಾವಣೆಗೆ ಮುಂಚೆ ನಮ್ಮ ಕಡೆ ಸದಸ್ಯರನ್ನು ಬಸ್ಸಲ್ಲಿ ಟೂರ್ ಕರೆದುಕೊಂಡು ಹೋಗುತ್ತಾರೆ. ಬೇರೆ ದೇಶದಲ್ಲೂ ಹೀಗೆ ಮಾಡುತ್ತಾರಾ?
– ಕೊರಟಗೆರೆಯ ಒಬ್ಬ ಶಿಕ್ಷಕರು

ಉತ್ತರ: ಮೇಷ್ಟ್ರೇ, ಮೇಲಿನ ತಾಯಿಯ ಪತ್ರದ ನೆಪದಲ್ಲಿ ಇದನ್ನೂ ಓದಿಸಿಕೊಂಡೆ. ಫ್ರಾನ್ಸಿನಲ್ಲಿ ಭಾನುವಾರ ಚುನಾವಣೆ ಮುಗಿದರೆ ಅದೇ ವಾರದ ಶುಕ್ರವಾರದಿಂದ ಭಾನುವಾರದೊಳಗೆ ಹೊಸ ಕೌನ್ಸಿಲ್ ಸೇರಿ ಮೇಯರನ್ನು ಆರಿಸಬೇಕು. ಗುಟ್ಟಿನ ಮತದಾನ. ಆಯ್ಕೆ ಮುಗಿಯುವವರೆಗೆ ಸಭೆ ನಡೆಸುವವರು ಸದಸ್ಯರಲ್ಲೇ ವಯಸ್ಸಾದವರು. ಮೂರನೇ ಸುತ್ತಿನಲ್ಲೂ ಮತ ಸಮ ಬಂದರೆ ವಯಸ್ಸಿನಲ್ಲಿ ಹಿರಿಯರು ಗೆದ್ದ ಹಾಗೆ. ನಮ್ಮಲ್ಲಿ ಚೀಟಿ ಎತ್ತುತ್ತೇವೆ. ವಾರದೊಳಗೆ ಮುಗಿಯುವುದರಿಂದ ಅಲ್ಲಿ ಬಸ್ಸು ಹತ್ತಿಸಲು ಪುರುಸೊತ್ತು ಕಮ್ಮಿ. ನಮ್ಮಲ್ಲಿ 2020ರ ಡಿಸೆಂಬರ್ ಕೊನೆಯಲ್ಲಿ ಫಲಿತಾಂಶ ಬಂತು, ಅಧ್ಯಕ್ಷರ ಆಯ್ಕೆ ಮುಂದಿನ ಜನವರಿ, ಫೆಬ್ರವರಿಗೆ ಹೋಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯೂ ಸದಸ್ಯರ ಚುನಾವಣೆ ಆದ ಮೇಲೇ ಬಂತು. ಆ ಅಂತರದಲ್ಲೇ ಟೂರ್ ಹುಟ್ಟುವುದು. ಮೀಸಲಾತಿಯನ್ನು ಮೊದಲೇ ಪ್ರಕಟಿಸಿ, ಫಲಿತಾಂಶದ ವಾರದಲ್ಲೇ ಆಯ್ಕೆ ಮುಗಿಸಿ ಅಂತ ಎಷ್ಟೋ ಸಲ ಕೇಳಿದ್ದೇನೆ. ಈಗಲೂ ಕೇಳುತ್ತಿದ್ದೇನೆ.

ಪ್ರಶ್ನೆ: ನಾನು ಪಂಚಾಯ್ತಿ ಸದಸ್ಯ, ವಯಸ್ಸು 27. ಕೆರೆ ಕೋಡಿ ಕೆಳಗೆ ಹಳ್ಳದ ಪಕ್ಕ ಸೈಟ್ ಮಾಡಿ ಮಾರುತ್ತಿದ್ದಾರೆ. ಖಾತೆಗೆ ಒಪ್ಪಿಗೆ ಕೊಡು ಅಂತ ಒತ್ತಾಯ. ಕೆರೆ ತುಂಬಿ ಇಪ್ಪತ್ತು ವರ್ಷವಾಗಿದೆ, ಏನೂ ಆಗಲ್ಲ ಅನ್ನುತ್ತಾರೆ. ಸುಮ್ನೆ ಸಹಿ ಹಾಕಿಬಿಡಲಾ?
– ಮುಳಬಾಗಿಲು ತಾಲ್ಲೂಕಿನ ಓದುಗ

ಉತ್ತರ: ಬೇಡ ತಮ್ಮಾ. ದಯವಿಟ್ಟು ಹಾಕಬೇಡ.

ಫ್ರಾನ್ಸಿನ ಪಶ್ಚಿಮ ತೀರದಲ್ಲಿ ಲಾ ಫೋತ್ ಸುರ್ ಮೇರ್ ಅಂತ ಒಂದು ಊರಿದೆ. 2010ರಲ್ಲಿ ಅಲ್ಲಿ ಸುಮಾರು ಸಾವಿರ ಜನ ಇದ್ದರು. ಸಮುದ್ರದ ಒಡ್ಡಿನ ಹಿಂದೆ ತಗ್ಗು ಜಾಗ. ಅಲ್ಲಿ ಮನೆ ಕಟ್ಟಲು ಊರಿನ ಆಡಳಿತ ಪರವಾನಗಿ ಕೊಡುತ್ತಾ ಹೋಯಿತು. ಆ ಜಾಗ ಮುಳುಗಬಹುದು ಅಂತ ಸರ್ಕಾರದ ಅಧಿಕಾರಿಗಳು ಮುಂಚೆಯೇ ಎಚ್ಚರಿಸಿದ್ದರು. ಆ ವರ್ಷದ ಫೆಬ್ರವರಿ 27ರ ರಾತ್ರಿ ಕಳೆದು 28ರ ಬೆಳಗಿನ ಜಾವ ಕ್ಸಿಂಥಿಯಾ ಅನ್ನುವ ಬಿರುಗಾಳಿ ಬಂತು. ಅದೇ ಹೊತ್ತಿಗೆ ಸಮುದ್ರದ ಉಬ್ಬರ. ನೀರು ಒಡ್ಡು ದಾಟಿ ಮನೆಗಳಿಗೆ ನುಗ್ಗಿತು. ಆ ಒಂದೇ ಊರಲ್ಲಿ 29 ಜನ ಸತ್ತರು. ಮುದುಕರು, ಮಕ್ಕಳು. ಎಷ್ಟೋ ಮನೆಗಳಿಗೆ ಮಹಡಿ ಇರಲಿಲ್ಲ, ಮೇಲೆ ಹತ್ತಲು ಜಾಗವೇ ಇರಲಿಲ್ಲ. ಆಮೇಲೆ ನೂರಾರು ಮನೆಗಳನ್ನು ಸರ್ಕಾರವೇ ಕೊಂಡು ಕೆಡವಿತು.

ಮೇಯರ್ ರೆನೆ ಮರಾತಿಯೆ ಮೇಲೆ ಕೇಸಾಯಿತು. ಅಪಾಯ ಗೊತ್ತಿದ್ದೂ ಜನರಿಗೆ ಹೇಳಲಿಲ್ಲ ಅನ್ನುವುದು ಮುಖ್ಯ ಆರೋಪ. 2014ರ ಡಿಸೆಂಬರಿನಲ್ಲಿ ನಾಲ್ಕು ವರ್ಷ ಜೈಲು ಅಂತ ತೀರ್ಪು ಬಂತು. 2016ರಲ್ಲಿ ಮೇಲಿನ ಕೋರ್ಟು ಅಪರಾಧ ಒಪ್ಪಿ, ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿ ಅಮಾನತಿನಲ್ಲಿಟ್ಟಿತು. ಜೈಲಿಗೆ ಹೋಗಬೇಕಾಗಲಿಲ್ಲ. ಸತ್ತ ಆ 29 ಜನರ ಮನೆಯವರಿಗೆ ಅದು ಸಾಕಾಯಿತು ಅಂತ ನನಗೆ ಅನ್ನಿಸುವುದಿಲ್ಲ.

ನಿಮ್ಮ ಕಡೆಗೂ ಇದು ದೂರದ ಕಥೆಯಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧ ಮಾಡಿದ ಕೊಳಚೆ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. 2021ರ ನವೆಂಬರ್ ಮಳೆ ನೆನಪಿದೆಯಾ? ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಲಾರ, ಚಿಕ್ಕಬಳ್ಳಾಪುರ ಎರಡು ಜಿಲ್ಲೆಯಲ್ಲೂ ಕೋಡಿ ಹರಿದವು. ನಾನೇ ನೋಡಲು ಹೋಗಿದ್ದೆ. ಜನ ಬಾಗಿನ ಬಿಡುತ್ತಿದ್ದರು. ಅದೇ ಕೋಡಿಯ ಕೆಳಗೆ ಒಂದು ಮನೆಯವರು ರಾಗಿ ಮೂಟೆಗಳನ್ನು ಹೊರಗೆ ಎಳೆಯುತ್ತಿದ್ದರು, ಸೊಂಟದ ಮಟ್ಟ ನೀರಲ್ಲಿ. ಇಪ್ಪತ್ತು ವರ್ಷ ತುಂಬಲಿಲ್ಲ ಅಂದರೆ ನೀರು ದಾರಿ ಮರೆತಿದೆ ಅಂತಲ್ಲ.

ನೀನು ಮಾಡಬೇಕಾದ್ದು ಇಷ್ಟು. ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸು. ಅದರಲ್ಲಿ ಕೆರೆ ಅಂಗಳದ ಗೆರೆ, ಕೋಡಿ ಹಳ್ಳದ ಗೆರೆ ಇರುತ್ತದೆ. ಸೈಟಿನ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ನೋಡು. ಆಮೇಲೆ ನಿನ್ನ ಆಕ್ಷೇಪ ಬರೆದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡು, ಒಂದು ಪ್ರತಿ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇ.ಒ.). ಎರಡಕ್ಕೂ ಸೀಲ್ ಹಾಕಿಸಿ ಸ್ವೀಕೃತಿ ತೆಗೆದುಕೋ. ಸಭೆಯಲ್ಲಿ ಎದ್ದು ನಿಂತು, "ನನ್ನ ವಿರೋಧವನ್ನು ನಡಾವಳಿಯಲ್ಲಿ ಬರೆಯಿರಿ" ಅಂತ ಹೇಳು. ಬರೆದದ್ದನ್ನು ಓದಿಸಿ ಕೇಳು. ಬರೆಯದಿದ್ದರೆ ಮಾರನೇ ದಿನವೇ ಮಾಹಿತಿ ಹಕ್ಕಿನಲ್ಲಿ ಆ ಸಭೆಯ ನಡಾವಳಿಯ ನಕಲು ಕೇಳು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ಒಬ್ಬನೇ ಹೋಗಬೇಡ. ಸೈಟ್ ಕೊಳ್ಳಲು ಮುಂದೆ ಬಂದಿರುವ ಒಂದಿಬ್ಬರನ್ನು ಕರೆದುಕೊಂಡು ಆ ಹಳ್ಳದಲ್ಲಿ ನಡೆಸು, ನಕ್ಷೆ ಕೈಯಲ್ಲಿ ಕೊಟ್ಟು ತೋರಿಸು. ಅವರೂ ಸಾಲ ಮಾಡಿ ದುಡ್ಡು ಕಟ್ಟುವ ಜನ. ಸ್ವೀಕೃತಿಯ ಒಂದು ಜೆರಾಕ್ಸ್ ನಿನ್ನ ಹತ್ತಿರ ಇರಲಿ, ಇನ್ನೊಂದನ್ನು ನಿಮ್ಮಮ್ಮನ ಕೈಗೆ ಕೊಟ್ಟು ಬೀರುವಿನಲ್ಲಿ ಇಡಿಸು.