ಹುಬ್ಬಿನ ಮೂಳೆ: ತೇಯುವುದೋ, ಹಿಂದಕ್ಕೆ ಕೂರಿಸುವುದೋ?

ಮುಖ ಹೆಣ್ಣಿನ ಮುಖದಂತೆ ಕಾಣಲು ಮಾಡಿಸುವ ಸರ್ಜರಿಯಲ್ಲಿ, ಮುಂದಕ್ಕೆ ಚಾಚಿದ ಹುಬ್ಬಿನ ಮೂಳೆ ತೇಯ್ದರೆ ಸಾಕು ಅಂತ ಒಬ್ಬ ಸರ್ಜನ್, ಬಿಡಿಸಿ ಹಿಂದಕ್ಕೆ ಕೂರಿಸಬೇಕು ಅಂತ ಇನ್ನೊಬ್ಬರು, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಇಬ್ಬರಲ್ಲಿ ಸಿ.ಟಿ. ಸ್ಕ್ಯಾನ್ ನೋಡಿ ಹೇಳಿದವರು ಯಾರು? ಬರೀ ಮುಖ ನೋಡಿ ಹೇಳಿದ್ದರೆ ಅದು ಅಂದಾಜು ಅಷ್ಟೇ.

ಹುಬ್ಬಿನ ಮೂಳೆಯೊಳಗೆ ಫ್ರಾಂಟಲ್ ಸೈನಸ್ ಅನ್ನೋ ಗಾಳಿ ತುಂಬಿದ ಪೊಳ್ಳು ಇರುತ್ತೆ. ಅದರ ಮುಂದಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಸೈನಸ್ ಚಿಕ್ಕದಿದ್ದು (ಕೆಲವರಿಗೆ ಇರೋದೇ ಇಲ್ಲ) ಮೂಳೆ ದಪ್ಪಗಿದ್ದರೆ ತೇಯ್ದರೆ ಆಯಿತು. ಗೋಡೆ ತೆಳುವಾಗಿ ಮುಂದಕ್ಕೆ ಉಬ್ಬಿದ್ದರೆ ತೇಯುತ್ತಾ ಹೋದಂತೆ ತೂತು ಬೀಳುತ್ತೆ. ಆಗ ಆ ತುಂಡನ್ನೇ ಬಿಡಿಸಿ, ಆಕಾರ ಕೊಟ್ಟು, ಹಿಂದಕ್ಕೆ ಕೂರಿಸಿ, ಟೈಟಾನಿಯಂ ಪ್ಲೇಟು ಸ್ಕ್ರೂ ಹಾಕಿ ಬಿಗಿಯುತ್ತಾರೆ. ಕೇಳೋಕೆ ಭಯಾನಕ, ಆದರೆ ಹೊಸ ಪ್ರಯೋಗವೇನಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಡಗ್ಲಸ್ ಔಸ್ಟರ್‌ಹೌಟ್ 1980ರ ದಶಕದಿಂದಲೇ ಹಣೆಗಳನ್ನು ಬಗೆಬಗೆಯಾಗಿ ವಿಂಗಡಿಸಿ ಈ ಕೆಲಸ ಮಾಡಿದವರು.

ಹೆಣ್ಣು ಹಾರ್ಮೋನ್ ತಗೊಂಡು ಇನ್ನೊಂದೆರಡು ವರ್ಷ ಕಾಯಲಾ ಅಂದಿದ್ದೀರಿ. ಚರ್ಮ, ಕೊಬ್ಬು ಬದಲಾಗುತ್ತೆ. ಬೆಳೆದ ಮೂಳೆ ಕರಗಲ್ಲ.

ಕೊಯ್ಯೋದು ಎಲ್ಲಿ ಅಂತಲೂ ಕೇಳಿ. ಕೂದಲಂಚಲ್ಲಿ ಕೊಯ್ದರೆ ಕೂದಲ ಗೆರೆಯನ್ನು ಕೆಳಕ್ಕೆ ತಂದು ಅಗಲ ಹಣೆಯನ್ನೂ ಜೊತೆಗೇ ಚಿಕ್ಕದು ಮಾಡಬಹುದು, ಆದರೆ ಕಲೆ ಅಲ್ಲೇ ಉಳಿಯುತ್ತೆ. ನೆತ್ತಿಯ ಮೇಲೆ ಕೊಯ್ದರೆ ಕಲೆ ಕೂದಲೊಳಗೆ ಮುಚ್ಚಿಹೋಗುತ್ತೆ, ಹಣೆ ಮಾತ್ರ ಚಿಕ್ಕದಾಗಲ್ಲ. ಎರಡರಲ್ಲೂ ನೆತ್ತಿ ತಿಂಗಳುಗಟ್ಟಲೆ ಜೋಮು ಹಿಡಿದ ಹಾಗಿರಬಹುದು, ಕೆಲವರಿಗೆ ಪೂರ್ತಿ ಹೋಗಲ್ಲ.

ಜೊತೆಗೆ ಗಂಟಲ ಉಬ್ಬು (ಆಡಮ್ಸ್ ಆ್ಯಪಲ್) ಕೆರೆಸೋ ಯೋಚನೆಯಿದ್ದರೆ, ಅದರಿಂದ ದನಿ ಹೆಣ್ಣಾಗಲ್ಲ. ಅತಿಯಾಗಿ ಕೆರೆದರೆ ಇರೋ ದನಿಯೂ ಕೆಡಬಹುದು. ಅದನ್ನು ಬೇರೆಯಾಗಿಯೇ ಯೋಚಿಸಿ, ಮೊದಲು ಹಣೆಯ ಸ್ಕ್ಯಾನ್ ಮಾಡಿಸಿ.