ಎದುರಿನವರು ಸ್ಲ್ಯಾಮ್ ಕರೆದಾಗ ಕೈಯಲ್ಲಿರುವ ಎಕ್ಕವನ್ನು ಮೊದಲೇ ಇಳಿಸಬೇಕಾ?

ಮಂಡ್ಯದಲ್ಲಿ ಹೊಸದಾಗಿ ಬ್ರಿಜ್ ಇಸ್ಪೀಟ್ ಆಟ ಕಲಿಯುತ್ತಿದ್ದೀರಿ. ಎದುರಿನವರು ಸ್ಲ್ಯಾಮ್ (13 ಟ್ರಿಕ್‌ನಲ್ಲಿ 12 ಅಥವಾ 13ನ್ನೂ ಗೆಲ್ಲುತ್ತೇವೆ ಅನ್ನುವ ಕರೆ; ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತೇ ಟ್ರಿಕ್) ಕರೆದರೆ ಕೈಲಿರುವ ಎಕ್ಕ ಹಾಳಾಗುವ ಮೊದಲು ಇಳಿಸಿಬಿಡಿ ಅಂತ ಯಾರೋ ಹೇಳಿದ್ದಾರೆ, ಸರಿನಾ ಎಂದು ಕೇಳಿದ್ದೀರಿ. ಮೈಸೂರಿನ ಕುವೆಂಪುನಗರದಲ್ಲಿ ಭಾನುವಾರ ನಾವು ಆಡುವಾಗ ಹೊಸಬರೆಲ್ಲ ಕೇಳುವುದೂ ಇದನ್ನೇ. ಸುಮ್ನೆ ಇಳಿಸಬೇಡಿ ಅನ್ನುವುದು ನನ್ನ ಉತ್ತರ.

6ರ ಸ್ಲ್ಯಾಮ್‌ಗೆ ಅವರು 12 ಟ್ರಿಕ್ ಮಾಡಬೇಕು, ಮುರಿಯಲು ನಮಗೆ ಎರಡು ಟ್ರಿಕ್ ಬೇಕು. ಎಕ್ಕ ಒಂದಾಯಿತು. ಇನ್ನೊಂದು ಎಲ್ಲಿಂದ ಬರಬೇಕು? ಲೀಡ್ ಮಾಡುವ (ಮೊದಲ ಎಲೆ ಇಳಿಸುವ) ಮುಂಚೆ ಯೋಚಿಸಬೇಕಾದದ್ದು ಇಷ್ಟೇ.

ಎದುರಿನವರು 6 ಸ್ಪೇಡ್ ಕರೆದಿದ್ದಾರೆ, ಅಂದರೆ ಸ್ಪೇಡೇ ತುರುಪು ಅಂದುಕೊಳ್ಳಿ. ನಿಮ್ಮ ಬಳಿ ಡೈಮಂಡ್ ಎಕ್ಕ-8-4, ಹಾರ್ಟ್ ರಾಣಿ-9-6-2 ಇವೆ. ಡಮ್ಮಿಯಲ್ಲಿ (ಮೇಜಿನ ಮೇಲೆ ಬಿಚ್ಚಿಟ್ಟ ಅವರ ಕೈ) ಹಾರ್ಟ್ ಎಕ್ಕ-7-3, ಡೈಮಂಡ್ ರಾಣಿ-ಗುಲಾಮ-10-5. ಅವರ ಎರಡೂ ಕೈ ಆಡುವ ಡಿಕ್ಲೇರರ್ ಕೈಲಿ ಹಾರ್ಟ್ ಗುಲಾಮ-4, ಡೈಮಂಡ್ ರಾಜ-3. ಹಾರ್ಟ್ ರಾಜ ನಿಮ್ಮ ಜೊತೆಗಾರನ ಹತ್ತಿರ ಇದೆ. ನೀವು ಡೈಮಂಡ್ ಎಕ್ಕ ಇಳಿಸಿದರೆ ಅವರ ಡೈಮಂಡ್ ಎಲ್ಲ ಗೆಲ್ಲುವ ಎಲೆಗಳಾಗುತ್ತವೆ. ತುರುಪು ಎಳೆದು, ಡಮ್ಮಿಯ ಡೈಮಂಡ್ ಮೇಲೆ ತಮ್ಮ ಹಾರ್ಟ್ ಎಸೆದು, 12 ಟ್ರಿಕ್ ಮಾಡಿಕೊಳ್ಳುತ್ತಾರೆ. ಅದೇ ಹಾರ್ಟ್ 2 ಲೀಡ್ ಮಾಡಿ ನೋಡಿ. ಡಮ್ಮಿಯ ಎಕ್ಕ ಈಗಲೇ ಹೋಗುತ್ತದೆ. ಅವರು ಡೈಮಂಡ್ ಆಡಲೇಬೇಕು, ನಿಮ್ಮ ಎಕ್ಕ ಗೆಲ್ಲುತ್ತದೆ, ಮತ್ತೆ ಹಾರ್ಟ್ ಹಾಕಿದರೆ ಜೊತೆಗಾರನ ರಾಜ. ಒಂದು ಡೌನ್, ಅಂದರೆ ಅವರಿಗೆ ಒಂದು ಟ್ರಿಕ್ ಕಡಿಮೆ. ರಾಣಿಯ ಕೆಳಗಿನಿಂದ ಆಡಲು ಧೈರ್ಯ ಬೇಕು ನಿಜ, ಆದರೆ ತುರುಪಿನ 6ಕ್ಕೆ ಆ ಧೈರ್ಯ ಜಾಸ್ತಿ ಸಲ ಫಲ ಕೊಡುತ್ತದೆ.

ಎಕ್ಕ ಇಳಿಸುವ ಸಂದರ್ಭವೂ ಇದೆ. ತುರುಪಿನಲ್ಲೇ ನಿಮಗೊಂದು ಟ್ರಿಕ್ ಖಾತ್ರಿ ಇದ್ದರೆ, ಅಥವಾ ಎಕ್ಕದ ಬಣ್ಣದಲ್ಲಿ (ಹಾರ್ಟ್, ಡೈಮಂಡ್ ಹೀಗೆ) ಅವರಿಬ್ಬರಿಗೂ ಹಿಡಿತವಿಲ್ಲ ಎಂದು ಬಿಡ್ಡಿಂಗ್‌ನಲ್ಲೇ (ಆಟಕ್ಕೆ ಮುಂಚಿನ ಕರೆಗಳಲ್ಲೇ) ಗೊತ್ತಾದರೆ, ಇಳಿಸಿ.

ತುರುಪೇ ಇಲ್ಲದ 6 ನೋ ಟ್ರಂಪ್‌ಗೆ ಈ ಸಾಹಸ ಬೇಡ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಅಲ್ಲಿ ಅವರ ಬಳಿ ಸಾಮಾನ್ಯವಾಗಿ 33 ಪಾಯಿಂಟ್ ಇರುತ್ತದೆ. 40ರಲ್ಲಿ ಉಳಿಯುವುದು 7. ನಿಮ್ಮ ಹತ್ತಿರವೇ 5 ಇದ್ದರೆ ಜೊತೆಗಾರನಿಗೆ ಉಳಿದಿದ್ದು 2, ಅಲ್ವಾ? ಅವನ ರಾಜನನ್ನು ನಂಬಿ ಆಡುವ ಹಾಗಿಲ್ಲ. ಏನೂ ಬಿಟ್ಟುಕೊಡದ ಎಲೆ ಹಾಕಿ. 7ರ ಗ್ರ್ಯಾಂಡ್ ಸ್ಲ್ಯಾಮ್‌ಗೂ ಹಾಗೇ. ಅಲ್ಲಿ ಒಂದು ಟ್ರಿಕ್ ಸಾಕು. ತುರುಪಿನಲ್ಲಿ ಎರಡು ಮೂರು ಚಿಕ್ಕ ಎಲೆಗಳಿದ್ದರೆ ಅದೇ ಒಳ್ಳೆಯ ಲೀಡ್.

ಜೊತೆಗಾರ ಸ್ಲ್ಯಾಮ್‌ಗೆ ಡಬಲ್ (ಪಣ ಹೆಚ್ಚಿಸುವ ಕರೆ) ಹೇಳಿದರೆ ಮಾತ್ರ ಇದನ್ನೆಲ್ಲ ಬದಿಗಿಡಿ. ಅಮೆರಿಕದ ಬ್ರಿಜ್ ಆಟಗಾರ ಥಿಯೊಡೋರ್ ಲೈಟ್ನರ್ 1929ರಲ್ಲಿ ಕೊಟ್ಟ ಉಪಾಯ ಇದು. ಸ್ಲ್ಯಾಮ್ ಮುರಿದರೇ ಅವರ 500 ಅಥವಾ 750ರ ಬೋನಸ್ ತಪ್ಪುತ್ತದೆ. ಡಬಲ್‌ನಿಂದ ಮೇಲೆ ಸಿಗುವ 50, 100 ದೊಡ್ಡದಲ್ಲ. ಹಾಗಾಗಿ ಆ ಡಬಲ್ ಪಾಯಿಂಟ್‌ಗಾಗಿ ಅಲ್ಲ, ‘ಮಾಮೂಲಿ ಲೀಡ್ ಬೇಡ’ ಅನ್ನಲು. ಹೆಚ್ಚಾಗಿ ಅವನ ಬಳಿ ಒಂದು ಬಣ್ಣವೇ ಇರುವುದಿಲ್ಲ, ತುರುಪು ಹೊಡೆಯಲು ಕಾಯುತ್ತಿರುತ್ತಾನೆ. ನಿಮ್ಮಲ್ಲಿ ಉದ್ದವಿರುವ ಬಣ್ಣ, ಇಲ್ಲವೇ ಡಮ್ಮಿ ಮೊದಲು ಕರೆದ ಬಣ್ಣ ನೋಡಿ. ತುರುಪು ಮಾತ್ರ ಲೀಡ್ ಮಾಡಬೇಡಿ.

ಇನ್ನೊಂದು. ಡಿಕ್ಲೇರರ್ ತುರುಪನ್ನೆಲ್ಲ ಸಾಲಾಗಿ ಎಳೆಯುವಾಗ ನೀವು ಏನು ಎಸೆಯುತ್ತೀರಿ ಅನ್ನುವುದೂ ಸ್ಲ್ಯಾಮ್ ಉಳಿಸುತ್ತದೆ, ಮುರಿಯುತ್ತದೆ. ಡಮ್ಮಿಯಲ್ಲಿ ಒಂದು ಬಣ್ಣದ ನಾಲ್ಕು ಎಲೆ ಕಾಣುತ್ತಿದ್ದು, ನಿಮ್ಮ ಬಳಿಯೂ ಅದರ ನಾಲ್ಕು ಇದ್ದರೆ, ಅದರಲ್ಲಿ ಚಿಕ್ಕದನ್ನೂ ಬಿಡಬೇಡಿ.