ಸೋಪು ಕಲಸಲು ಕಡಗೋಲೋ, ಮಿಕ್ಸಿಯೋ, ಬ್ಲೆಂಡರೋ?

ಪ್ರಶ್ನೆ: ಮನೆಗೆ ಬೇಕಾದ ಸೋಪನ್ನು ನಾನೇ ಮಾಡಲು ಶುರು ಮಾಡಿದ್ದೇನೆ. ಅರ್ಧ ಕೆಜಿ ಎಣ್ಣೆ ತಗೊಂಡೆ, ಮುಕ್ಕಾಲು ಪಾಲು ಆಲಿವ್ ಎಣ್ಣೆ. ಮರದ ಸೌಟಿನಲ್ಲಿ ಒಂದೂವರೆ ಗಂಟೆ ತಿರುಗಿಸಿದರೂ ಗಟ್ಟಿಯಾಗಲಿಲ್ಲ, ಭುಜ ಬಿದ್ದುಹೋಯಿತು. ಮನೆಯಲ್ಲಿ ಮಿಕ್ಸಿ ಇದೆ. ಅಜ್ಜಿಯ ಕಾಲದ ಕಡಗೋಲೂ ಇದೆ. ಯಾವುದನ್ನು ಬಳಸಲಿ? – ಶಿವಮೊಗ್ಗದ ಓದುಗರು

ಎರಡೂ ಬೇಡ. ಆದರೆ ಕಡಗೋಲಿನ ಯೋಚನೆ ನಿಮಗೆ ಬಂದದ್ದು ಸರಿಯಾಗಿಯೇ ಇದೆ.

ಎಣ್ಣೆಗೂ ಕಾಸ್ಟಿಕ್ ನೀರಿಗೂ (ಕಾಸ್ಟಿಕ್ ಸೋಡಾ ಕರಗಿಸಿದ ನೀರು) ಆಗಿಬರುವುದಿಲ್ಲ. ಎರಡೂ ಸೇರಬೇಕಾದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯಬೇಕು. ಸೌಟು ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಸುತ್ತುತ್ತದೆ, ಒಡೆಯುವುದು ಕಡಿಮೆ. ಮಜ್ಜಿಗೆಯನ್ನು ಸೌಟಿನಲ್ಲಿ ಕಡೆದ ಹಾಗೆ ಅಲ್ವಾ? ಒಮ್ಮೆ ಸ್ವಲ್ಪ ಸೋಪು ಹುಟ್ಟಿಕೊಂಡರೆ ಆ ಸೋಪೇ ಉಳಿದ ಎಣ್ಣೆಯನ್ನು ನೀರಿನ ಜೊತೆ ಬೆರೆಸುತ್ತದೆ. ಅದಕ್ಕೇ ಶುರುವಿನಲ್ಲಿ ಏನೂ ಆಗದಂತೆ ಕಂಡು, ಆಮೇಲೆ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಆಲಿವ್ ಎಣ್ಣೆ ಇದರಲ್ಲಿ ಬಲು ನಿಧಾನಿ. ಕೊಬ್ಬರಿ ಎಣ್ಣೆ ಬೇಗ ಬರುತ್ತದೆ. ಹರಳೆಣ್ಣೆ ಸ್ವಲ್ಪ ಸೇರಿಸಿದರೂ ಓಟ ಜಾಸ್ತಿಯಾಗುತ್ತದೆ.

ಕೈಯಲ್ಲೇ ಮಾಡುವುದಾದರೆ ಬಿಡದೆ ತಿರುಗಿಸಬೇಕಿಲ್ಲ. ಐದು ನಿಮಿಷ ಕಲಸಿ, ಹತ್ತು ನಿಮಿಷ ಮುಚ್ಚಿಡಿ, ಮತ್ತೆ ಕಲಸಿ. ಆಲಿವ್ ಜಾಸ್ತಿ ಇದ್ದರೆ ಇದು ಕೆಲವು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಕಡಗೋಲು ತಲೆಯ ಹಲ್ಲುಗಳಿಂದ ಮೊಸರನ್ನು ಕತ್ತರಿಸುತ್ತದೆ. ಸೋಪಿಗೂ ಬೇಕಾದದ್ದು ಅದೇ. ಆದರೆ ಕಾಸ್ಟಿಕ್ ಮರವನ್ನು ತಿನ್ನುತ್ತದೆ. ನಾಲ್ಕಾರು ಸಲಕ್ಕೆ ಎಳೆ ಎಳೆಯಾಗಿ ನಾರು ಬಿಡುತ್ತದೆ, ಹೀರಿಕೊಂಡದ್ದು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಜ್ಜಿಯ ಕಡಗೋಲು ಮಜ್ಜಿಗೆಗೇ ಇರಲಿ. ಆ ಮರದ ಸೌಟನ್ನೂ ಬಿಟ್ಟು ಸಿಲಿಕೋನ್ ಅಥವಾ ಸ್ಟೀಲ್ ಸೌಟು ಹಿಡಿಯಿರಿ.

ಮಿಕ್ಸಿ ಬೇಡ ಅನ್ನುವುದಕ್ಕೆ ಕಾರಣ ಬೇರೆ. ಅದರ ವೇಗ ಸೋಪಿಗೆ ಅತಿಯಾಯಿತು. ಬೆಚ್ಚಗಿನ ಮಿಶ್ರಣವನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಿದರೆ ಮುಚ್ಚಳ ಹಾರಬಹುದು. ಹಾರಿದರೆ ಮುಖಕ್ಕೆ ಬರುವುದು ಚಟ್ನಿಯಲ್ಲ, ಕಾಸ್ಟಿಕ್. ಗಾಳಿ ತುಂಬಿ ಸೋಪಿನಲ್ಲಿ ತೂತುಗಳಾಗುತ್ತವೆ. ಬ್ಲೇಡಿನ ಕೆಳಗಿನ ಸಂದಿಗೆ ಹೋದದ್ದನ್ನು ತೆಗೆಯುವುದೂ ಕಷ್ಟ. ಕೇಕಿಗೆ ಬಳಸುವ ಎಗ್ ಬೀಟರ್ ಕೂಡ ಹೀಗೇ, ಸುತ್ತಲೂ ಸಿಡಿಸುತ್ತದೆ.

ಉಳಿಯುವುದು ಕೈಯಲ್ಲಿ ಹಿಡಿಯುವ ಹ್ಯಾಂಡ್ ಬ್ಲೆಂಡರ್. ಮೋಟರ್ ಇರುವ ಕಡಗೋಲು ಅಂದುಕೊಳ್ಳಿ. ಕೆಳಗಿನ ದಂಡ ಸ್ಟೀಲಿನದೋ ಗಟ್ಟಿ ಪ್ಲಾಸ್ಟಿಕ್‌ನದೋ ಇರಲಿ. ಅಲ್ಯೂಮಿನಿಯಂ ಮಾತ್ರ ಆಗದು. ಕಾಸ್ಟಿಕ್ ತಾಗಿದರೆ ಅದು ಕರಗುತ್ತದೆ, ಹೈಡ್ರೋಜನ್ ಅನಿಲ ಏಳುತ್ತದೆ. ಪಾತ್ರೆಗೂ ಇದೇ ಮಾತು. ಅಗಲ ಬೋಗುಣಿ ಬಿಟ್ಟು ಕಿರಿದಾದ, ಆಳದ ಸ್ಟೀಲ್ ಪಾತ್ರೆ ತಗೊಳ್ಳಿ. ಬ್ಲೆಂಡರಿನ ತಲೆ ಪೂರ್ತಿ ಮುಳುಗಬೇಕು. ಓರೆಯಾಗಿ ಇಳಿಸಿ, ತಳಕ್ಕೆ ಮೆಲ್ಲಗೆ ಕುಟ್ಟಿ ಒಳಗಿನ ಗಾಳಿ ಬಿಡಿಸಿ. ಐದು ಸೆಕೆಂಡು ಓಡಿಸಿ, ನಿಲ್ಲಿಸಿ, ಅದೇ ಬ್ಲೆಂಡರನ್ನು ಸೌಟಿನಂತೆ ಅರ್ಧ ನಿಮಿಷ ಆಡಿಸಿ. ಮತ್ತೆ ಐದು ಸೆಕೆಂಡು. ಕೊಬ್ಬರಿ ಎಣ್ಣೆ ಹೆಚ್ಚಿದ್ದರೆ ಕೆಲವೇ ನಿಮಿಷದಲ್ಲಿ ಹದ ಬರುತ್ತದೆ. ಎತ್ತಿ ಬಿಟ್ಟ ಹನಿ ಮೇಲೆಯೇ ಗೆರೆಯಾಗಿ ಕ್ಷಣ ಹೊತ್ತು ನಿಂತರೆ ಅದೇ ಹದ. ದೋಸೆ ಹಿಟ್ಟಿನಷ್ಟು ಗಟ್ಟಿಯಾದರೆ ಸಾಕು. ಇಡ್ಲಿ ಹಿಟ್ಟಿನಷ್ಟಾದರೆ ಅಚ್ಚಿಗೆ ಸುರಿಯುವಾಗ ಗಾಳಿಗುಳ್ಳೆ ಉಳಿಯುತ್ತದೆ.

ಒಂದು ಮಾತು ನನ್ನ ಅಡುಗೆಮನೆಯ ಗೋಡೆಯ ಪರವಾಗಿ: ಓಡುತ್ತಿರುವಾಗ ಬ್ಲೆಂಡರ್ ಎತ್ತಬೇಡಿ. ನಾನು ಎತ್ತಿದ್ದೆ. ಕಬೋರ್ಡಿನ ಬಣ್ಣ ಕಿತ್ತುಬಂತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಕೈಗವಸು, ರಕ್ಷಣಾ ಕನ್ನಡಕ ಇಲ್ಲದೆ ಶುರು ಮಾಡಲೇಬೇಡಿ. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕು, ಅದರ ಮೇಲೆ ನೀರು ಸುರಿಯಬಾರದು. ಚರ್ಮಕ್ಕೆ ಸಿಡಿದರೆ ವಿನೆಗರ್, ನಿಂಬೆರಸ ಹುಡುಕಬೇಡಿ, ನಲ್ಲಿ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯಿರಿ. ಕಣ್ಣಿಗೆ ಬಿದ್ದರೆ ಹಾಗೇ ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನನ್ನ ಹತ್ತಿರ ಹ್ಯಾಂಡ್ ಬ್ಲೆಂಡರ್ ಇದೆ. ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ, ಮುರುಗಲ ತುಪ್ಪ (ಕೋಕಂ ಬೀಜದ ಗಟ್ಟಿ ಎಣ್ಣೆ) ಹಾಕಿ ಮಾಡಿದೆ. ಒಂದೇ ನಿಮಿಷದಲ್ಲಿ ಗಟ್ಟಿಯಾಯಿತು. ಬೆಳಿಗ್ಗೆ ನೋಡಿದರೆ ಅಚ್ಚಿನಲ್ಲಿ ಮೇಲೆ ಎಣ್ಣೆ, ಕೆಳಗೆ ನೀರು. – ಚಿಕ್ಕಮಗಳೂರಿನ ಓದುಗರು

ಗಟ್ಟಿಯಾದದ್ದು ಸೋಪಲ್ಲ, ಎಣ್ಣೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಮುರುಗಲ ತುಪ್ಪ 40 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟಲು ಶುರು. ನಿಮ್ಮೂರಿನ ಚಳಿಯಲ್ಲಿ ತಣ್ಣನೆಯ ಕಾಸ್ಟಿಕ್ ನೀರು ಬಿದ್ದ ಕೂಡಲೇ ಅದು ಬಿಗಿದುಕೊಂಡಿದೆ. ಬ್ಲೆಂಡರಿನಲ್ಲಿ ಈ ಮೋಸ ಜಾಸ್ತಿ. ಕೈಯಲ್ಲಿ ಕಲಸುವವರಿಗೆ ಒಂದು ನಿಮಿಷದಲ್ಲಿ ಹದ ಬಂದರೆ ಅನುಮಾನ ಬರುತ್ತದೆ, ಬ್ಲೆಂಡರಿನವರಿಗೆ ಖುಷಿಯಾಗುತ್ತದೆ.

ಮುಂದಿನ ಸಲ ಎಣ್ಣೆ, ಕಾಸ್ಟಿಕ್ ನೀರು ಎರಡೂ 45 ಡಿಗ್ರಿ ಹತ್ತಿರ ಇರಲಿ. ಹದ ಬಂತು ಅನ್ನಿಸಿದಾಗ ಬ್ಲೆಂಡರ್ ಆರಿಸಿ ಎರಡು ನಿಮಿಷ ಕೈಯಲ್ಲಿ ಆಡಿಸಿ. ನಿಜವಾದ ಹದ ಸುಮ್ನೆ ಬಿಟ್ಟರೂ ಗಟ್ಟಿಯಾಗುತ್ತಾ ಹೋಗುತ್ತದೆ. ಎಣ್ಣೆ ಹೆಪ್ಪುಗಟ್ಟಿದ್ದಾದರೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟ ಕೂಡಲೇ ಮತ್ತೆ ತೆಳ್ಳಗಾಗುತ್ತದೆ.

ಈಗಿನದನ್ನು ಎಸೆಯಬೇಡಿ. ಆ ನೀರಿನಲ್ಲಿ ಕಾಸ್ಟಿಕ್ ಇದೆ, ಬರಿಗೈ ಹಾಕಬೇಡಿ. ಒಂದು ಹನಿಯೂ ಬಿಡದೆ ಎಲ್ಲವನ್ನೂ ಸ್ಟೀಲ್ ಪಾತ್ರೆಗೆ ಹಾಕಿ, ಬಿಸಿನೀರಿನ ಮೇಲಿಟ್ಟು ಕರಗಿಸಿ, ಮತ್ತೆ ಬ್ಲೆಂಡ್ ಮಾಡಿ. ಎಣ್ಣೆ, ಕಾಸ್ಟಿಕ್‌ಗಳ ತೂಕ ಸರಿಯಿದ್ದರೆ ಸೋಪು ಆಗುತ್ತದೆ. ನೋಟ ಮಾತ್ರ ಸ್ವಲ್ಪ ಒರಟು.

ಪ್ರಶ್ನೆ: ಲವಂಗದ ಎಣ್ಣೆ ಹಾಕಿ ಬ್ಲೆಂಡರ್ ಒತ್ತಿದೆ. ಕಣ್ಣೆದುರೇ ಉಪ್ಪಿಟ್ಟಾಯಿತು! – ಬೆಂಗಳೂರಿನ ಓದುಗರು

ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಅನ್ನುವ ಅಂಶ ಸೋಪನ್ನು ಓಡಿಸುತ್ತದೆ, ಅಂದರೆ ಬೇಗ ಗಟ್ಟಿಯಾಗಿಸುತ್ತದೆ. ಮೇಲಿಂದ ನೀವೂ ಬ್ಲೆಂಡರಿನಲ್ಲಿ ಓಡಿಸಿದಿರಿ. ಪರಿಮಳ, ಬಣ್ಣ, ಕಡಲೆಹಿಟ್ಟು ಏನೇ ಇರಲಿ, ಹದ ಇನ್ನೂ ತೆಳ್ಳಗಿರುವಾಗಲೇ ಹಾಕಿ ಸೌಟಿನಲ್ಲಿ ಕಲಸಿ. ನಾನು ಬ್ಲೆಂಡರನ್ನು ಬೇಸಿನ್‌ಗೆ ಇಟ್ಟ ಮೇಲೆಯೇ ಪರಿಮಳದ ಬಾಟಲಿ ತೆರೆಯುವುದು. ಕೈ ತಪ್ಪಿಯೂ ಗುಂಡಿ ಒತ್ತುವ ಹಾಗಿಲ್ಲ ಅಂತ. ಉಪ್ಪಿಟ್ಟನ್ನು ಅಚ್ಚಿಗೆ ಒತ್ತಿ ತುಂಬಿ, ಚೆಂದ ಇರದಿದ್ದರೂ ನೊರೆ ಬರುತ್ತದೆ.

ಪ್ರಶ್ನೆ: ಕೈಯಲ್ಲಿ ಕಲಸಿದ ಸೋಪು ಹೆಚ್ಚು ದಿನ ಬಾಳುತ್ತದಂತೆ, ಹೌದಾ? – ಹುಬ್ಬಳ್ಳಿಯ ಓದುಗರು

ಇಲ್ಲ. ಹದ ಬಂದ ಮೇಲೆ ಎರಡೂ ಒಂದೇ. ಬಾಳಿಕೆ ನಿಂತಿರುವುದು ಎಣ್ಣೆಗಳ ಪಾಲಿನ ಮೇಲೆ ಮತ್ತು ಒಣಗಿಸುವುದರ ಮೇಲೆ. ಬ್ಲೆಂಡರ್ ಕಲಸುವ ಹೊತ್ತನ್ನು ಉಳಿಸುತ್ತದೆ, ಒಣಗುವ ಹೊತ್ತನ್ನಲ್ಲ. ಯಾವುದರಲ್ಲಿ ಮಾಡಿದರೂ ಗಾಳಿಯಾಡುವ ಕಡೆ 4ರಿಂದ 6 ವಾರ ಇಡಬೇಕು. ಬಿಲ್ಲೆಗಳ ನಡುವೆ ಒಂದು ಬೆರಳಷ್ಟು ಜಾಗ ಬಿಡಿ, ವಾರಕ್ಕೊಮ್ಮೆ ಮಗುಚಿಡಿ.